ಸೋಮವಾರ ಮೊಟಕಾಗುತ್ತಿದ್ದ ಕುಡಿ: ತಣ್ಣನೆಯ ಪ್ಲಾಸ್ಮಾ ಮತ್ತು ರೋಗನಿರೋಧಕ ಕೋಶಗಳ ಒಂದು ಪ್ರಕರಣ

ನಾನು ಜರ್ಮನಿಯ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ನಡೆದ ಪ್ರಕರಣ ಇದು. ಊರು, ಸಂಸ್ಥೆ, ಜನರ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಹಿಡಿಯಲು ಅನುವಾಗುವ ಸಣ್ಣಪುಟ್ಟ ವಿವರಗಳನ್ನೂ ಬದಲಿಸಿದ್ದೇನೆ. ಪ್ರಯೋಗದ ಒಳಗೆ ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಇಟ್ಟಿದ್ದೇನೆ. ಒಂದು ಪಿಎಚ್.ಡಿ. ಪ್ರಬಂಧದ ಮುಖ್ಯ ಅಧ್ಯಾಯ ತಪ್ಪು ತಳಹದಿಯ ಮೇಲೆ ನಿಲ್ಲುವುದರಲ್ಲಿತ್ತು. ಆ ಅಪಾಯ ತಪ್ಪಿದ್ದು ಒಬ್ಬ ವಿದ್ಯಾರ್ಥಿನಿಯ ಹಟದಿಂದ ಮತ್ತು ಒಬ್ಬ ಹಿರಿಯ ತಂತ್ರಜ್ಞೆಯ ಕಣ್ಣಿನಿಂದ. ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಧಾರವಾಡದಲ್ಲೋ ಜೀವಕೋಶಗಳನ್ನು ಬೆಳೆಸಿ ಪ್ರಯೋಗ ಮಾಡುತ್ತಿರುವವರು ಇಂಥದೇ ಗೋಜಲಿನಲ್ಲಿ ಸಿಕ್ಕಿಕೊಂಡಿದ್ದರೆ ಅವರಿಗೆ ಇದರಿಂದ ಕೆಲವು ತಿಂಗಳಾದರೂ ಉಳಿಯಲಿ ಎಂಬುದು ನನ್ನ ಆಸೆ.

ಹಿನ್ನೆಲೆ

ಪ್ಲಾಸ್ಮಾ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ರಕ್ತದ ಪ್ಲಾಸ್ಮಾ ನೆನಪಾಗುತ್ತದೆ. ಕೋವಿಡ್ ಕಾಲದ ಪ್ಲಾಸ್ಮಾ ಚಿಕಿತ್ಸೆಯ ಸುದ್ದಿಗಳಿಂದ ಆ ಅರ್ಥ ಇನ್ನೂ ಗಟ್ಟಿಯಾಗಿದೆ. ಇಲ್ಲಿ ಹೇಳುತ್ತಿರುವುದು ಭೌತಶಾಸ್ತ್ರದ ಪ್ಲಾಸ್ಮಾ. ಅನಿಲಕ್ಕೆ ವಿದ್ಯುತ್ತಿನ ಬಲ ಕೊಟ್ಟಾಗ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡು, ಒಟ್ಟು ಅನಿಲವೇ ವಿದ್ಯುತ್ತನ್ನು ಹರಿಯಬಿಡುವ ಸ್ಥಿತಿಗೆ ಬರುತ್ತದೆ. ಮಿಂಚು ಅಂಥದು, ಟ್ಯೂಬ್‌ಲೈಟಿನ ಒಳಗಿರುವುದೂ ಅಂಥದೇ. ಮಿಂಚಿನಲ್ಲಿ ಎಲ್ಲ ಕಣಗಳೂ ಸುಡುವಷ್ಟು ಬಿಸಿಯಾಗಿರುತ್ತವೆ. ತಣ್ಣನೆಯ ಪ್ಲಾಸ್ಮಾದಲ್ಲಿ ಹಗುರವಾದ ಎಲೆಕ್ಟ್ರಾನುಗಳಷ್ಟೇ ಬಿಸಿ. ಅವುಗಳ ಸುತ್ತಲಿನ ಭಾರದ ಕಣಗಳು ಕೋಣೆಯ ಉಷ್ಣತೆಯ ಆಸುಪಾಸಿನಲ್ಲೇ ಇರುತ್ತವೆ. ಹಾಗಾಗಿ ಅದನ್ನು ಚರ್ಮದ ಮೇಲೆ ಹಾಯಿಸಬಹುದು.

ನಾವು ಬಳಸುತ್ತಿದ್ದದ್ದು ದಪ್ಪ ಪೆನ್ನಿನಂಥ ಒಂದು ಉಪಕರಣ. ಒಳಗೆ ಸೂಜಿಯಂಥ ವಿದ್ಯುದ್ವಾರ, ಅದಕ್ಕೆ ಸುಮಾರು 1 ಮೆಗಾಹರ್ಟ್ಸ್ ಆವರ್ತನದ ಕೆಲವು ಸಾವಿರ ವೋಲ್ಟ್, ಅದರ ಸುತ್ತ ನಿಮಿಷಕ್ಕೆ 3ರಿಂದ 5 ಲೀಟರಿನಂತೆ ಹರಿಯುವ ಆರ್ಗಾನ್ ಅನಿಲ. ಗುಂಡಿ ಒತ್ತಿದರೆ ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಉದ್ದದ ನೀಲಿ ನೇರಳೆ ಬೆಳಕು ಮೂಡುತ್ತದೆ. ದೇವರ ಮುಂದಿನ ನಂದಾದೀಪದ ಕುಡಿಯಷ್ಟೇ ಪುಟ್ಟದು. ದೀಪದಂತೆ ಓಲಾಡುವುದಿಲ್ಲ, ನೆಟ್ಟಗೆ ನಿಂತು ಸಣ್ಣಗೆ ಗುಂಯ್‌ಗುಡುತ್ತದೆ. ಹತ್ತಿರ ಮೂಗು ತಂದರೆ ಓಜೋನಿನ ಚುರುಕು ವಾಸನೆ. ನಾವಿಬ್ಬರು ಕನ್ನಡದವರು, ನಾನು ಮತ್ತು ಆ ವಿದ್ಯಾರ್ಥಿನಿ, ಅದನ್ನು ಕುಡಿ ಎಂದೇ ಕರೆಯುತ್ತಿದ್ದೆವು.

ಈ ಬಗೆಯ ಉಪಕರಣಗಳಲ್ಲಿ ಹೆಸರಾದದ್ದು ಬಾಲ್ಟಿಕ್ ಕರಾವಳಿಯ ಗ್ರೈಫ್ಸ್‌ವಾಲ್ಡ್ ಊರಿನಲ್ಲಿ ರೂಪುಗೊಂಡ ಕಿನ್‌ಪೆನ್. ಅದರ ವೈದ್ಯಕೀಯ ರೂಪ 2013ರಲ್ಲಿ ಯುರೋಪಿನಲ್ಲಿ ಮಾರಲು ಬೇಕಾದ ಸಿಇ ಗುರುತು ಪಡೆಯಿತು. ವಾಸಿಯಾಗದ ಹುಣ್ಣುಗಳಿಗೆ ಅದನ್ನು ಬಳಸುತ್ತಾರೆ. ಮೊದಲಿಗೆ ಎಲ್ಲರ ಗಮನ ಬ್ಯಾಕ್ಟೀರಿಯಾ ಕೊಲ್ಲುವ ಅದರ ಶಕ್ತಿಯ ಮೇಲಿತ್ತು. ಆದರೆ ಮಧುಮೇಹಿಗಳ ಪಾದದ ಹುಣ್ಣಿನ ಮೇಲೆ ಜರ್ಮನಿಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಂದು ಸಂಗತಿ ಎದ್ದು ಕಂಡಿತು. ಪ್ಲಾಸ್ಮಾ ಪಡೆದವರ ಹುಣ್ಣು ಹುಸಿ ಚಿಕಿತ್ಸೆ ಪಡೆದವರದಕ್ಕಿಂತ ಬೇಗ ಕುಗ್ಗಿತು. ಸೋಂಕು ಇಳಿಯುವುದರಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದ ಮೇಲೆ ಪ್ಲಾಸ್ಮಾ ರೋಗಾಣುಗಳನ್ನು ಕೊಲ್ಲುವುದರ ಜೊತೆಗೆ ನಮ್ಮದೇ ಜೀವಕೋಶಗಳಿಗೂ ಏನನ್ನೋ ಹೇಳುತ್ತಿರಬೇಕು. ಹುಣ್ಣಿನಲ್ಲಿ ಬೀಡುಬಿಟ್ಟಿರುವ ರೋಗನಿರೋಧಕ ಕೋಶಗಳು ಆ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತವೆ ಎಂಬುದು ನಮ್ಮ ವಿದ್ಯಾರ್ಥಿನಿಯ ಪ್ರಬಂಧದ ಪ್ರಶ್ನೆ.

ಕೋಶದ ಹೊರಗಿನ ಸುದ್ದಿ ಒಳಗಿನ ಕೇಂದ್ರಕ್ಕೆ ತಲುಪುವುದು ಕೈಯಿಂದ ಕೈಗೆ ದಾಟುವ ಫಾಸ್ಫೇಟಿನ ಮೂಲಕ. ಒಂದು ಪ್ರೋಟೀನು ಇನ್ನೊಂದಕ್ಕೆ ಫಾಸ್ಫೇಟ್ ಅಂಟಿಸಿ ಎಚ್ಚರಿಸುತ್ತದೆ, ಅದು ಮುಂದಿನದನ್ನು. ಇಂಥ ಸಾಲುಗಳಲ್ಲಿ ನಮಗೆ ಬೇಕಾಗಿದ್ದವು ಮೂರು. ಇಆರ್‌ಕೆ ಎಂಬ ಸಾಲು ಮುಖ್ಯವಾಗಿ ಬೆಳೆ, ಒಡೆದು ಎರಡಾಗು ಎನ್ನುತ್ತದೆ. ಪಿ38 ಮತ್ತು ಜೆಎನ್‌ಕೆ ಸಾಲುಗಳು ಅಪಾಯ ಬಂದಿದೆ ಎನ್ನುತ್ತವೆ. ಅವುಗಳ ಕೂಗು ಬಹಳ ಹೊತ್ತು ನಿಲ್ಲದಿದ್ದರೆ ಕೋಶ ತನ್ನನ್ನು ತಾನೇ ಅಚ್ಚುಕಟ್ಟಾಗಿ ಮುಗಿಸಿಕೊಳ್ಳುವ ದಾರಿ ಹಿಡಿಯುತ್ತದೆ. ಅಪಾಯದ ಈ ಸಾಲುಗಳಿಗೆ ಆಕ್ಸೀಕರಣದ ಸುದ್ದಿ ತಲುಪುವ ಬಗೆಯೂ ಸೊಗಸಾದದ್ದು. ಥಯೊರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನು ಮಾಮೂಲು ಹೊತ್ತಿನಲ್ಲಿ ಆಸ್ಕ್-1 ಎಂಬ ಕಿಣ್ವವನ್ನು ಅಗುಳಿ ಹಾಕಿದಂತೆ ಹಿಡಿದಿರುತ್ತದೆ. ಹೈಡ್ರೋಜನ್ ಪೆರಾಕ್ಸೈಡಿನಂಥದು ಬಂದು ಅದರ ಗಂಧಕದ ಗುಂಪುಗಳನ್ನು ಆಕ್ಸೀಕರಿಸಿದರೆ ಅಗುಳಿ ಕಳಚುತ್ತದೆ, ಬಿಡುಗಡೆಯಾದ ಆಸ್ಕ್-1 ಪಿ38 ಮತ್ತು ಜೆಎನ್‌ಕೆಗಳನ್ನು ಎಬ್ಬಿಸುತ್ತದೆ.

ಗ್ರೈಫ್ಸ್‌ವಾಲ್ಡ್‌ನ ಸಂಶೋಧಕರು 2013ರಲ್ಲೇ ಎರಡು ಕೋಶ ಸಂತತಿಗಳ ಮೇಲೆ, ಅಂದರೆ ಒಬ್ಬರಿಂದ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿಕೊಂಡೇ ಬಂದ ಕೋಶಗಳ ಮೇಲೆ, ಇದನ್ನು ನೋಡಿದ್ದರು: ರೋಗಾಣುವಿನ ಗುರುತು ಹಿಡಿಯುವ ಟಿ ಕೋಶಗಳ ಪ್ರತಿನಿಧಿಯಾದ ಜುರ್ಕಾಟ್ ಮತ್ತು ರೋಗಾಣುವನ್ನು ನುಂಗುವ ಮಾನೊಸೈಟುಗಳ ಪ್ರತಿನಿಧಿಯಾದ ಟಿಎಚ್‌ಪಿ-1. ಪ್ಲಾಸ್ಮಾ ತಗುಲಿದಾಗ ಪಿ38, ಜೆಎನ್‌ಕೆ ಎರಡರಲ್ಲೂ ಎದ್ದವು. ಇಆರ್‌ಕೆ ಮಾತ್ರ ಟಿಎಚ್‌ಪಿ-1ರಲ್ಲಷ್ಟೇ ಎದ್ದಿತು. ನಾವು ಇದನ್ನು ರಕ್ತದಾನಿಗಳಿಂದ ಬಂದ ನಿಜವಾದ ಟಿ ಕೋಶ ಮತ್ತು ಮಾನೊಸೈಟುಗಳಲ್ಲಿ ನೋಡಲು ಹೊರಟೆವು.

ಸಮಸ್ಯೆ

ಕೆಲಸದ ಕ್ರಮ ಸರಳವಾಗಿತ್ತು. ರಕ್ತದಿಂದ ಬೇರ್ಪಡಿಸಿದ ಕೋಶಗಳನ್ನು ಮಿಲಿಲೀಟರಿಗೆ 10 ಲಕ್ಷದಂತೆ ಪೋಷಕ ದ್ರವದಲ್ಲಿ ತೇಲಿಸಿ, ತಟ್ಟೆಯ ಗುಳಿಗಳಿಗೆ ಹಾಕುವುದು. ಗುಳಿಯ ಮೇಲೆ ಕುಡಿಯನ್ನು 10, 30 ಅಥವಾ 60 ಸೆಕೆಂಡು ಹಿಡಿಯುವುದು. 15 ನಿಮಿಷದ ಮೇಲೆ ಕೆಲವು, ಒಂದು ಗಂಟೆಯ ಮೇಲೆ ಕೆಲವು, ಮೂರು ಗಂಟೆಯ ಮೇಲೆ ಕೆಲವು ಕೋಶಗಳನ್ನು ಒಡೆದು, ಒಳಗಿನ ಪ್ರೋಟೀನುಗಳಲ್ಲಿ ಫಾಸ್ಫೇಟ್ ಅಂಟಿದ ಪಿ38 ಎಷ್ಟಿದೆ ಎಂದು ವೆಸ್ಟರ್ನ್ ಬ್ಲಾಟ್ ವಿಧಾನದಲ್ಲಿ ನೋಡುವುದು. ಎಷ್ಟಿದೆಯೋ ಅಷ್ಟು ದಪ್ಪನೆಯ ಕಪ್ಪು ಗೆರೆ ಮೂಡುತ್ತದೆ.

ಆ ಗೆರೆ ನಮ್ಮನ್ನು ಆಟ ಆಡಿಸಿತು. 60 ಸೆಕೆಂಡು ಪ್ಲಾಸ್ಮಾ ಕೊಟ್ಟ ಟಿ ಕೋಶಗಳಲ್ಲಿ ಒಂದು ದಿನ ಪಿ38ರ ಗೆರೆ ಕಾಡಿಗೆಯಲ್ಲಿ ಎಳೆದಂತೆ ದಟ್ಟವಾಗಿ ಬರುತ್ತಿತ್ತು. ಇನ್ನೊಂದು ದಿನ ಸೀಸದ ಕಡ್ಡಿಯಿಂದ ಗೀಚಿ ಅಳಿಸಿದಷ್ಟು ತೆಳ್ಳಗೆ. ಅದೇ ಉಪಕರಣ, ಅದೇ 60 ಸೆಕೆಂಡು, ಅದೇ ಎತ್ತರ. ದಟ್ಟ ಗೆರೆ ಬಂದ ದಿನಗಳಲ್ಲಿ ಮರುದಿನದ ಹೊತ್ತಿಗೆ ಬಹಳಷ್ಟು ಕೋಶಗಳು ಸತ್ತಿರುತ್ತಿದ್ದವು. ತೆಳು ಗೆರೆ ಬಂದ ದಿನಗಳಲ್ಲಿ ಏನೂ ಆಗದಂತೆ ಇರುತ್ತಿದ್ದವು.

ಇದಕ್ಕೆ ಒಂದು ವಿವರಣೆ ಕೈಯಳತೆಯಲ್ಲೇ ಇತ್ತು: ದಾನಿಗಳು ಬೇರೆ ಬೇರೆ. ಮನುಷ್ಯರು ಒಬ್ಬರಂತೆ ಒಬ್ಬರಿಲ್ಲ, ಅವರ ರಕ್ಷಣಾ ಕೋಶಗಳೂ ಹಾಗೆಯೇ. ವಿದ್ಯಾರ್ಥಿನಿ ದಾನಿಗಳನ್ನು ಎರಡು ಪಟ್ಟಿ ಮಾಡಿದಳು, ಪ್ಲಾಸ್ಮಾಕ್ಕೆ ಸೂಕ್ಷ್ಮವಾಗಿ ಸ್ಪಂದಿಸುವವರು ಮತ್ತು ತಡೆದುಕೊಳ್ಳುವವರು. ನಮ್ಮ ಪ್ರೊಫೆಸರ್ ಅದನ್ನು ಕಂಡು ಹಿಗ್ಗಿದರು. ರೋಗಿಯಿಂದ ರೋಗಿಗೆ ಚಿಕಿತ್ಸೆಯ ಪ್ರಮಾಣ ಬದಲಿಸಬೇಕು ಎಂಬ ದೊಡ್ಡ ಮಾತಿಗೆ ಇದು ಮೊದಲ ಮೆಟ್ಟಿಲು ಎಂದರು. ನನಗೂ ಹಾಗೆಯೇ ಅನಿಸಿತು. ಸಮ್ಮೇಳನವೊಂದಕ್ಕೆ ಕಳಿಸಲು ಸಾರಲೇಖನವನ್ನು ಬರೆದವಳು ನಾನೇ. ಅದನ್ನು ಕಳಿಸಿಯೂ ಆಗಿತ್ತು.

ಈ ಹಂತದಲ್ಲಿ ನಾವು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು. ಜೀವಶಾಸ್ತ್ರದಲ್ಲಿ ಅಂಕಿಗಳು ಚದುರಿದರೆ ಜೀವಿಗಳ ಸಹಜ ವೈವಿಧ್ಯ ಎಂಬ ಮಾತು ಸದಾ ಸಿದ್ಧವಾಗಿರುತ್ತದೆ. ಅದು ಎಷ್ಟೋ ಸಲ ನಿಜವೂ ಹೌದು. ನಿಜವಾಗಿರುವುದರಿಂದಲೇ ಅದರ ಹಿಂದೆ ಬೇರೆ ಏನಾದರೂ ಅಡಗಿ ಕೂರಬಹುದು. ಒಬ್ಬ ದಾನಿಯ ರಕ್ತವನ್ನು ಎರಡನೇ ಸಲ ತರಿಸಿ ನೋಡಿದ್ದರೆ ವಾರದೊಳಗೆ ತಿಳಿಯುತ್ತಿತ್ತು. ನಮ್ಮ ವ್ಯವಸ್ಥೆಯಲ್ಲಿ ದಾನಿಗಳ ಗುರುತು ನಮಗೆ ಸಿಗುತ್ತಿರಲಿಲ್ಲ, ಸಿಗಬಾರದು ಕೂಡ. ಹಾಗಾಗಿ ಆ ಪರೀಕ್ಷೆ ಸಾಧ್ಯವಿಲ್ಲ ಎಂದು ಕೈಬಿಟ್ಟೆವು. ಅದರ ಬದಲು ಇನ್ನೇನು ಮಾಡಬಹುದು ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಮಾಡಿ ನೋಡಿದ್ದು

ಕೇಳಿಕೊಂಡವಳು ವಿದ್ಯಾರ್ಥಿನಿ. ಅವಳೂ ಕರ್ನಾಟಕದವಳು, ಅಷ್ಟನ್ನು ಹೇಳಲು ಅವಳ ಒಪ್ಪಿಗೆ ಇದೆ. ಮೊದಲು ಅವಳು ಬ್ಲಾಟಿನಲ್ಲಿ ಪಿ38 ಹಿಡಿದು ತೋರಿಸುವ ಪ್ರತಿಕಾಯಗಳ ಹೊಸ ಸೀಸೆ ತರಿಸಿ ನೋಡಿದಳು. ಆಮೇಲೆ ಅವಳ ಬದಲು ನಾನು ಉಪಕರಣ ಹಿಡಿದು ನೋಡಿದೆ. ಏರುಪೇರು ಹಾಗೆಯೇ ಇತ್ತು. ಆಗ ಅವಳು ಯಾರನ್ನೂ ಕೇಳದೆ ಫ್ರೀಜರಿನಿಂದ ಜುರ್ಕಾಟ್ ಮತ್ತು ಟಿಎಚ್‌ಪಿ-1 ಕೋಶಗಳನ್ನು ತೆಗೆದು ಬೆಳೆಸಿ, ಮೂರು ವಾರ ಬೇರೆ ಬೇರೆ ದಿನಗಳಲ್ಲಿ ಅದೇ ಪ್ರಯೋಗ ಮಾಡಿದಳು. ಜುರ್ಕಾಟ್ ಸಂತತಿ 1970ರ ದಶಕದ್ದು, ಟಿಎಚ್‌ಪಿ-1 ಸಂತತಿ 1980ರದು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಇರುವ ಜುರ್ಕಾಟ್ ಕೋಶಗಳೆಲ್ಲ ಒಂದೇ ಮೂಲದ ಪೀಳಿಗೆ.

ಒಂದು ಸಂಜೆ ಅವಳು ಬ್ಲಾಟಿನ ಚಿತ್ರಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟಳು. ದಟ್ಟ, ತೆಳು, ತೆಳು, ದಟ್ಟ.

“ಅಕ್ಕ, ಇಲ್ಲಿ ದಾನಿಯೇ ಇಲ್ಲವಲ್ಲ. ಹಾಗಾದರೆ ಇದು ಯಾರ ವ್ಯತ್ಯಾಸ?” ಎಂದಳು.

ನನ್ನ ಬಳಿ ಉತ್ತರ ಇರಲಿಲ್ಲ. ದಾನಿಗಳ ವಾದ ಅಲ್ಲಿಗೆ ಬಿದ್ದುಹೋಯಿತು. ಉಳಿದದ್ದು ಸಮ್ಮೇಳನಕ್ಕೆ ಹೋಗಿದ್ದ ಸಾರಲೇಖನ. ಅದನ್ನು ಹಿಂದಕ್ಕೆ ಪಡೆಯೋಣ ಎಂದು ನಾವಿಬ್ಬರೂ ಹೇಳಿದಾಗ ಪ್ರೊಫೆಸರ್ ಒಪ್ಪಲಿಲ್ಲ. ದಾನಿಗಳ ಅಂಕಿಗಳು ಸುಳ್ಳಲ್ಲವಲ್ಲ, ಅವನ್ನು ತೋರಿಸಿ ಚರ್ಚೆಗೆ ಬಿಡೋಣ ಎಂದರು. ವಿದ್ಯಾರ್ಥಿನಿ ಒಂದೇ ಪ್ರಶ್ನೆ ಕೇಳಿದಳು: ಯಾರಾದರೂ ಎದ್ದು ನಿಂತು ಕೋಶ ಸಂತತಿಗಳಲ್ಲಿ ನೋಡಿದಿರಾ ಎಂದರೆ ನಾನು ಏನು ಹೇಳಲಿ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ಬೆಳಿಗ್ಗೆ ಅವರೇ ಪತ್ರ ಬರೆದು ಸಾರಲೇಖನವನ್ನು ಹಿಂದಕ್ಕೆ ಪಡೆದರು. ಈ ಪ್ರಕರಣದಲ್ಲಿ ಅತಿ ಕಷ್ಟದ ನಿರ್ಧಾರ ಇದೇ ಎಂದು ನಾನು ಈಗಲೂ ಎಣಿಸುತ್ತೇನೆ. ಅದನ್ನು ತೆಗೆದುಕೊಂಡಾಗ ನಮ್ಮ ಕೈಯಲ್ಲಿ ಬದಲಿ ವಿವರಣೆ ಯಾವುದೂ ಇರಲಿಲ್ಲ.

ಆಮೇಲಿನ ತಿರುವು ಬಂದದ್ದು ಚಹಾದ ಹೊತ್ತಿನಲ್ಲಿ. ನಿವೃತ್ತಿಗೆ ಹತ್ತಿರವಾಗಿದ್ದ ತಂತ್ರಜ್ಞೆಯೊಬ್ಬರು ಉಪಕರಣಗಳ ಉಸ್ತುವಾರಿ ನೋಡುತ್ತಿದ್ದರು. ನಮ್ಮ ಪೇಚಾಟ ಕೇಳುತ್ತ ಕೂತಿದ್ದವರು, ಸೋಮವಾರ ಬೆಳಿಗ್ಗೆ ನಿಮ್ಮ ಬೆಳಕು ಮೊಟಕಾಗಿರುತ್ತದೆ, ನೋಡಿದ್ದೀರಾ ಎಂದರು. ನಾವು ನೋಡಿರಲಿಲ್ಲ. ನೋಡಿದ್ದರೂ ಅದರ ಕಡೆ ಮನಸ್ಸು ಕೊಟ್ಟಿರಲಿಲ್ಲ. ಮುಂದಿನ ಸೋಮವಾರ ಮೂವರೂ ಹೋಗಿ ನಿಂತೆವು. ಗುಂಡಿ ಒತ್ತಿದಾಗ ಮೂಡಿದ ಕುಡಿ ಎಂದಿನದಕ್ಕಿಂತ ಗಿಡ್ಡ, ಬೆಳಕೂ ಮಂಕು. ಅರ್ಧ ಗಂಟೆ ಅನಿಲ ಹರಿದ ಮೇಲೆ ಅದು ನಿಧಾನಕ್ಕೆ ತನ್ನ ಉದ್ದಕ್ಕೆ ಬಂದಿತು.

ವಿದ್ಯಾರ್ಥಿನಿ ಆ ಮಧ್ಯಾಹ್ನವೇ ಹಳೆಯ ಅಂಕಿಗಳನ್ನೆಲ್ಲ ಹೊಸದಾಗಿ ಜೋಡಿಸಿದಳು. ಈ ಸಲ ಜೋಡಿಸಿದ್ದು ವಾರ ಮತ್ತು ಆ ದಿನದ ಸರದಿಯ ಪ್ರಕಾರ. ದಟ್ಟ ಗೆರೆಗಳೆಲ್ಲ ಸೋಮವಾರದ ಮೊದಲ ತಟ್ಟೆಗಳಲ್ಲಿ ಗುಂಪುಗೂಡಿದ್ದವು. ನಮಗೆ ದಾನಿಗಳ ರಕ್ತ ಬರುತ್ತಿದ್ದದ್ದು ಸೋಮವಾರ ಮತ್ತು ಬುಧವಾರ. ನಾವು ಸೂಕ್ಷ್ಮ ದಾನಿಗಳು ಎಂದು ಹೆಸರಿಟ್ಟವರು ಸೋಮವಾರದ ದಾನಿಗಳು, ಅಷ್ಟೇ.

ಕಾರಣ ಸಿಕ್ಕಿದ್ದು

ಕೆಲವು ತಿಂಗಳ ಹಿಂದೆ ಉಪಕರಣವನ್ನು ಪಕ್ಕದ ಕೋಣೆಗೆ ಸಾಗಿಸಿದ್ದೆವು. ಸಿಲಿಂಡರು ದೂರವಾಯಿತೆಂದು ಆರ್ಗಾನ್ ಬರುವ ಗಿಡ್ಡ ಉಕ್ಕಿನ ಕೊಳವೆ ತೆಗೆದು, ಉದ್ದನೆಯ ಮೆದು ಪ್ಲಾಸ್ಟಿಕ್ ಕೊಳವೆ ಹಾಕಿದ್ದೆವು. ಅಂಥ ಪ್ಲಾಸ್ಟಿಕ್ಕು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವಾರಾಂತ್ಯದಲ್ಲಿ ಎರಡು ದಿನ ಸುಮ್ಮನೆ ಬಿದ್ದಿದ್ದ ಕೊಳವೆಯ ಒಳಗೋಡೆಯಲ್ಲಿ ಸೇರಿದ ನೀರಿನ ಅಂಶ ಸೋಮವಾರ ಬೆಳಿಗ್ಗೆ ಒಣ ಆರ್ಗಾನಿನ ಜೊತೆ ಹೊರಬರುತ್ತಿತ್ತು. ಕಣ್ಣಿಗೆ ಹನಿ ಕಾಣುವುದಿಲ್ಲ, ಕೈಗೆ ಒದ್ದೆ ಹತ್ತುವುದಿಲ್ಲ. ಆದರೆ ಪ್ಲಾಸ್ಮಾಕ್ಕೆ ಅಷ್ಟು ಸಾಕು. ಅದರೊಳಗೆ ನೀರಿನ ಅಣು ಒಡೆದು ಹೈಡ್ರಾಕ್ಸಿಲ್ ತುಣುಕುಗಳಾಗುತ್ತವೆ. ಅಂಥ ಎರಡು ತುಣುಕು ಕೂಡಿದರೆ ಹೈಡ್ರೋಜನ್ ಪೆರಾಕ್ಸೈಡ್. ಅದು ಗುಳಿಯ ದ್ರವಕ್ಕೆ ಇಳಿದು ಕರಗಿ ಉಳಿಯುತ್ತದೆ. ಅಂದರೆ ಸೋಮವಾರದ 60 ಸೆಕೆಂಡು ಬುಧವಾರದ 60 ಸೆಕೆಂಡಿಗಿಂತ ಹೆಚ್ಚು ಪೆರಾಕ್ಸೈಡನ್ನು ಕೋಶಗಳಿಗೆ ಉಣಿಸುತ್ತಿತ್ತು.

ಅನಿಲದ ತೇವಾಂಶ ಈ ಬಗೆಯ ಉಪಕರಣದ ಫಲವನ್ನು ಬದಲಿಸುತ್ತದೆ, ಚರ್ಮದ ಕೋಶಗಳ ಉಳಿವಿನ ಮೇಲೂ ಅದರ ಪರಿಣಾಮ ಕಾಣುತ್ತದೆ ಎಂದು 2013ರಲ್ಲೇ ಪ್ರಕಟವಾಗಿತ್ತು. ಅದು ಬಂದದ್ದು ಭೌತಶಾಸ್ತ್ರದ ಪತ್ರಿಕೆಯಲ್ಲಿ. ನಾವು ರೋಗನಿರೋಧಕ ಶಾಸ್ತ್ರದ ಪತ್ರಿಕೆಗಳನ್ನು ಓದುತ್ತಿದ್ದೆವು. ಎರಡು ಶಾಸ್ತ್ರಗಳ ನಡುವಿನ ಓಣಿಯಲ್ಲಿ ಕೆಲಸ ಮಾಡುವವರು ಎರಡೂ ಕಡೆಯ ಮನೆಗಳಿಗೆ ಹೋಗಿ ಬರಬೇಕು. ನಾವು ಒಂದೇ ಕಡೆ ಹೋಗುತ್ತಿದ್ದೆವು.

ಊಹೆಯನ್ನು ಗಟ್ಟಿಮಾಡಿಕೊಳ್ಳಲು ಕೋಶಗಳಿಲ್ಲದ ಬರಿಯ ದ್ರವಕ್ಕೆ ಪ್ಲಾಸ್ಮಾ ಕೊಟ್ಟು ಪೆರಾಕ್ಸೈಡನ್ನು ಅಳೆದೆವು. ಪೆರಾಕ್ಸೈಡ್ ಇದ್ದಷ್ಟೂ ಗುಲಾಬಿ ಬಣ್ಣ ಏರುವ ರಾಸಾಯನಿಕ ಅದಕ್ಕೆ ಸಿಗುತ್ತದೆ. ಸೋಮವಾರದ ಮೊದಲ ಗುಳಿಗಳು ಕಡು ಗುಲಾಬಿ, ಸರದಿ ಮುಂದೆ ಹೋದಂತೆ ಬಣ್ಣ ತಿಳಿಯಾಗುತ್ತ ಬಂದಿತು. ತಟ್ಟೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ಯಂತ್ರದ ನೆರವಿಲ್ಲದೆಯೇ ಎಲ್ಲ ಕಾಣುತ್ತಿತ್ತು. ಉಕ್ಕಿನ ಕೊಳವೆ ಮರಳಿ ಹಾಕಿದ ಮೇಲೆ ಸಾಲಿಡೀ ಒಂದೇ ಬಣ್ಣ.

ಎರಡನೆಯ ಪರೀಕ್ಷೆ ಇನ್ನೂ ಮುಖ್ಯವಾದದ್ದು. ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಕ್ಯಾಟಲೇಸ್ ಕಿಣ್ವವನ್ನು ಮೊದಲೇ ಗುಳಿಗೆ ಹಾಕಿ ಪ್ಲಾಸ್ಮಾ ಕೊಟ್ಟೆವು. ಜುರ್ಕಾಟ್ ಕೋಶಗಳ ಪಿ38 ಗೆರೆ ಹೆಚ್ಚುಕಡಿಮೆ ಅಳಿಸಿಹೋಯಿತು, ಮರುದಿನ ಕೋಶಗಳು ಬದುಕಿಯೂ ಇದ್ದವು. ಪ್ಲಾಸ್ಮಾ ಹೊತ್ತಿಸದೆ ಬರೀ ಆರ್ಗಾನ್ ಹಾಯಿಸಿದ ಗುಳಿಗಳಲ್ಲಿ ಗೆರೆ ಏಳಲೇ ಇಲ್ಲ. ಪ್ಲಾಸ್ಮಾ ಬಿಟ್ಟು ಅಷ್ಟೇ ಪ್ರಮಾಣದ ಪೆರಾಕ್ಸೈಡನ್ನು ಸೀಸೆಯಿಂದ ಹನಿಸಿದರೆ ಬಹುಪಾಲು ಅದೇ ಫಲ. ರಕ್ತಕೋಶಗಳ ಮೇಲೆ ಇಂಥ ಪ್ಲಾಸ್ಮಾದ ಕೆಲಸದಲ್ಲಿ ಹೈಡ್ರೋಜನ್ ಪೆರಾಕ್ಸೈಡಿನದೇ ಮುಖ್ಯ ಪಾತ್ರ ಎಂದು ಪ್ರಕಟವಾಗಿದ್ದ ಮಾತು ನಮ್ಮ ತಟ್ಟೆಯಲ್ಲೂ ನಿಜವಾಯಿತು.

ಇಷ್ಟಕ್ಕೆ ಎಲ್ಲ ಮುಗಿಯಿತು ಎಂದುಕೊಂಡು, ನಮ್ಮ ಕ್ರಮವನ್ನು ಇನ್ನೊಂದು ಊರಿನ ಜೊತೆಗಾರ ಪ್ರಯೋಗಾಲಯಕ್ಕೆ ಕಳಿಸಿ ಮರುಪರೀಕ್ಷೆ ಮಾಡಲು ಕೇಳಿದೆವು. ಎರಡು ವಾರದ ಮೇಲೆ ಅವರಿಂದ ಉತ್ತರ ಬಂದಿತು: ಪಿ38 ಏಳುವುದೇ ಇಲ್ಲ. ಒಣ ಅನಿಲ, ಅದೇ ದೂರ, ಅದೇ ಸಂಖ್ಯೆಯ ಕೋಶಗಳು, ಪೋಷಕ ದ್ರವವೂ ಆರ್‌ಪಿಎಂಐ 1640 ಎಂಬ ಅದೇ ಹೆಸರಿನದು. ಈ ಸಲ ನಾವು ಕೋಶಗಳನ್ನು ದೂರಲಿಲ್ಲ. ಎರಡೂ ಕಡೆಯ ಸೀಸೆಗಳ ಚೀಟಿಯ ಚಿತ್ರ ತೆಗೆದು ಪಕ್ಕಪಕ್ಕ ಇಟ್ಟು ಘಟಕಗಳನ್ನು ಒಂದೊಂದಾಗಿ ಓದಿದೆವು. ಅವರ ಸೀಸೆಯಲ್ಲಿ 1 ಮಿಲಿಮೋಲಾರ್ ಸೋಡಿಯಂ ಪೈರುವೇಟ್ ಇತ್ತು. ಆರ್‌ಪಿಎಂಐ 1640ರ ಮೂಲ ಪಾಕದಲ್ಲಿ ಅದು ಇಲ್ಲ. ಕೋಶಗಳಿಗೆ ಒಳ್ಳೆಯದೆಂದು ಕೆಲವರು ಸೇರಿಸಿ ಮಾರುತ್ತಾರೆ. ಪೈರುವೇಟ್ ಪೆರಾಕ್ಸೈಡಿನೊಡನೆ ನೇರವಾಗಿ ವರ್ತಿಸಿ ಅಸಿಟೇಟ್, ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ನಮ್ಮ ಪ್ಲಾಸ್ಮಾ ಗುಳಿಯಲ್ಲಿ ಉಂಟುಮಾಡುತ್ತಿದ್ದ ಪೆರಾಕ್ಸೈಡ್ ಹತ್ತಾರು ಮೈಕ್ರೋಮೋಲಾರ್. ಅದನ್ನು ನುಂಗಿ ಹಾಕಲು 1 ಮಿಲಿಮೋಲಾರ್, ಅಂದರೆ 1,000 ಮೈಕ್ರೋಮೋಲಾರ್, ಪೈರುವೇಟ್ ಬೇಕಾದಷ್ಟಾಯಿತು. ಪೈರುವೇಟ್ ಇಲ್ಲದ ಸೀಸೆ ಕಳಿಸಿಕೊಟ್ಟೆವು. ಅವರ ಗೆರೆಯೂ ಎದ್ದಿತು.

ಫಲ

ಪ್ರಮಾಣವನ್ನು ಹಿಡಿತಕ್ಕೆ ತಂದುಕೊಂಡ ಮೇಲೆ ಮೂಲ ಪ್ರಶ್ನೆಗೆ ಮರಳಿದೆವು. ಒಂದೇ ಅಳತೆಯ ಪೆರಾಕ್ಸೈಡ್ ತಲುಪಿದಾಗ ಎರಡು ಬಗೆಯ ಕೋಶಗಳು ಅದನ್ನು ಬೇರೆ ಬೇರೆಯಾಗಿ ಓದಿಕೊಂಡವು. ಜುರ್ಕಾಟಿನಲ್ಲಿ ಪಿ38 ಮತ್ತು ಜೆಎನ್‌ಕೆ ಎದ್ದು, ಮೂರು ಗಂಟೆಯಾದರೂ ಇಳಿಯದೆ, ಬಹಳಷ್ಟು ಕೋಶಗಳು ಸಾವಿನ ದಾರಿ ಹಿಡಿದವು. ಟಿಎಚ್‌ಪಿ-1ರಲ್ಲಿ ಅವೇ ಎರಡು ಎದ್ದವು, ಜೊತೆಗೆ ಇಆರ್‌ಕೆಯೂ ಎದ್ದಿತು. ಹೆಚ್ಚಿನ ಕೋಶಗಳು ಉಳಿದುಕೊಂಡವು. ಯಾವ ಸಾಲು ಯಾವುದರಲ್ಲಿ ಏಳುತ್ತದೆ ಎಂಬುದರ ಬಗ್ಗೆ 2013ರ ಅಧ್ಯಯನ ಹೇಳಿದ್ದೂ ಇದನ್ನೇ. ದಾನಿಗಳ ಕೋಶಗಳಲ್ಲೂ ಒಟ್ಟು ಚಿತ್ರ ಹಾಗೆಯೇ ಬಂದಿತು: ಟಿ ಕೋಶಗಳು ನಾಜೂಕು, ಮಾನೊಸೈಟುಗಳು ಗಟ್ಟಿ. ದಾನಿಗಳ ನಡುವೆ ವ್ಯತ್ಯಾಸ ಇಲ್ಲವೆಂದಲ್ಲ, ಇತ್ತು. ನಾವು ಮೊದಲು ಕಂಡೆವೆಂದುಕೊಂಡ ಬೆಟ್ಟದ ಜಾಗದಲ್ಲಿ ಸಣ್ಣ ದಿಬ್ಬ.

ಮಾನೊಸೈಟು ಗಟ್ಟಿ ಏಕೆ ಎಂಬುದಕ್ಕೆ ಅದರ ಕಸುಬನ್ನು ನೋಡಬೇಕು. ರೋಗಾಣುವನ್ನು ನುಂಗಿ ಕೊಲ್ಲಲು ಅದು ತಾನೇ ಪೆರಾಕ್ಸೈಡಿನಂಥ ಸುಡುವ ವಸ್ತುಗಳನ್ನು ತಯಾರಿಸುತ್ತದೆ. ಕಮ್ಮಾರನ ಕೈ ಬೆಂಕಿಗೆ ಪಳಗಿರುವಂತೆ ಅದರೊಳಗೆ ಅವುಗಳನ್ನು ತಣಿಸುವ ಕಿಣ್ವಗಳ ದಾಸ್ತಾನು ಹೆಚ್ಚು. ಆಕ್ಸೀಕರಣದ ಸುಳಿವು ಸಿಕ್ಕಿದಾಗ ಕೆಲಸಕ್ಕಿಳಿದು ರಕ್ಷಕ ಜೀನುಗಳನ್ನು ನಡೆಸುವ ಎನ್‌ಆರ್‌ಎಫ್-2 ಎಂಬ ಪ್ರೋಟೀನೂ ಅದರ ಬೆಂಬಲಕ್ಕೆ ಬರುತ್ತದೆ. ಟಿ ಕೋಶದ ಕಸುಬು ಗುರುತು ಹಿಡಿಯುವುದು, ಸುದ್ದಿ ಕೊಡುವುದು. ಅದಕ್ಕೆ ಈ ಬೆಂಕಿಯ ರೂಢಿ ಕಡಿಮೆ.

ಪ್ರಬಂಧದಲ್ಲಿ ದಾನಿಗಳ ಅಧ್ಯಾಯ ಹೋಯಿತು. ಅದರ ಜಾಗಕ್ಕೆ ಅನಿಲದ ತೇವ, ಪೋಷಕ ದ್ರವ ಮತ್ತು ಪ್ರಮಾಣದ ಕುರಿತ ಅಧ್ಯಾಯ ಬಂದಿತು. ಪದವಿ ತಡವಾಯಿತು. ಆ ತಡದ ನೋವನ್ನು ನಾನು ಹಗುರ ಮಾಡಿ ಹೇಳಲಾರೆ. ವೀಸಾ, ವೇತನ, ಊರಲ್ಲಿ ಕಾಯುತ್ತಿರುವ ಅಪ್ಪ ಅಮ್ಮ, ಎಲ್ಲವೂ ಅದರಲ್ಲಿ ಸೇರಿದ್ದವು. ಹೊಣೆಯ ದೊಡ್ಡ ಪಾಲು ಸಾರಲೇಖನ ಬರೆಯುವ ಆತುರ ತೋರಿದ ನನ್ನದು.

ಕಲಿತದ್ದು

ಈಗ ನಾನು ಪ್ಲಾಸ್ಮಾದ ಪ್ರಮಾಣವನ್ನು ಸೆಕೆಂಡಿನಲ್ಲಿ ಮಾತ್ರ ಹೇಳುವ ವರದಿಯನ್ನು ನಂಬುವುದಿಲ್ಲ. ಕೋಶಗಳಿಲ್ಲದ ಒಂದು ಗುಳಿಯಲ್ಲಿ ಪ್ರತಿದಿನ ಪೆರಾಕ್ಸೈಡನ್ನು ಅಳೆದು, ಆ ಅಂಕಿಯನ್ನೂ ಸೆಕೆಂಡಿನ ಪಕ್ಕದಲ್ಲಿ ಬರೆಯುತ್ತೇವೆ. ಕೊಳವೆ ಯಾವುದರದು, ಎಷ್ಟು ಉದ್ದ, ಕೆಲಸಕ್ಕೆ ಮೊದಲು ಎಷ್ಟು ನಿಮಿಷ ಅನಿಲ ಹರಿಸಿದ್ದು, ದಿನದ ಎಷ್ಟನೆಯ ತಟ್ಟೆ ಎಂಬುದೂ ಪುಸ್ತಕದಲ್ಲಿ ಇರುತ್ತದೆ. ಅನಿಲದ ಹರಿವಿಗೆ ದ್ರವ ಸ್ವಲ್ಪ ಆವಿಯಾಗಿ ಗುಳಿಯ ಉಪ್ಪಿನ ಸಾಂದ್ರತೆ ಏರುತ್ತದೆ. ಅಷ್ಟು ನೀರನ್ನು ಮರಳಿ ಸೇರಿಸದಿದ್ದರೆ ಆ ಒತ್ತಡಕ್ಕೇ ಪಿ38 ಏಳಬಹುದು. ಕೋಶಗಳ ಎಣಿಕೆಯಲ್ಲೂ ಸಡಿಲ ಬಿಡುವಂತಿಲ್ಲ. ಕೋಶಗಳ ಒಳಗೂ ಕ್ಯಾಟಲೇಸ್ ಇರುವುದರಿಂದ, ಕೋಶಗಳು ದುಪ್ಪಟ್ಟಾದರೆ ಒಂದೊಂದರ ಪಾಲಿಗೆ ಬರುವ ಪೆರಾಕ್ಸೈಡ್ ಕಡಿಮೆಯಾಗುತ್ತದೆ. ಕ್ಯಾಟಲೇಸ್ ಹಾಕಿದ ಗುಳಿ ಮತ್ತು ಬರೀ ಆರ್ಗಾನಿನ ಗುಳಿ ಪ್ರತಿ ತಟ್ಟೆಯಲ್ಲೂ ಕಡ್ಡಾಯ.

ಹುಬ್ಬಳ್ಳಿಯ ಕಡೆ ಶಸ್ತ್ರಚಿಕಿತ್ಸಕರಾಗಿರುವ ಗೆಳೆಯರೊಬ್ಬರು ಈ ಕತೆ ಕೇಳಿ ಒಂದು ಪ್ರಶ್ನೆ ಕೇಳಿದರು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಹೋಗಿ, ಮುಳ್ಳು ಚುಚ್ಚಿದ್ದೂ ತಿಳಿಯದೆ, ಹುಣ್ಣು ಎಲುಬಿಗೆ ಇಳಿದ ಮೇಲೆ ಬರುವ ರೈತರನ್ನು ಅವರು ವಾರವಾರ ನೋಡುತ್ತಾರೆ. “ನಿಮ್ಮ ತಟ್ಟೆಯಲ್ಲಿ ಎಲ್ಲ ಕೆಲಸ ಪೆರಾಕ್ಸೈಡಿನದಾದರೆ ಪ್ಲಾಸ್ಮಾ ಏಕೆ ಬೇಕು? ನಮ್ಮ ಡ್ರೆಸಿಂಗ್ ಕೋಣೆಯಲ್ಲಿ ಪೆರಾಕ್ಸೈಡಿನ ಬಾಟಲಿ ಇದ್ದೇ ಇದೆಯಲ್ಲ” ಎಂದರು.

ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟು: ಬಾಟಲಿಯ 3 ಶೇಕಡಾ ದ್ರಾವಣ ನಮ್ಮ ಗುಳಿಯಲ್ಲಿದ್ದ ಪೆರಾಕ್ಸೈಡಿಗಿಂತ ಸಾವಿರಾರು ಪಟ್ಟು ಗಾಢ, ಅಲ್ಲಿ ಕೋಶಗಳಿಗೆ ಸುದ್ದಿ ಮುಟ್ಟಿಸುವ ಮಾತೇ ಬರುವುದಿಲ್ಲ. ಇನ್ನೊಂದು, ಹುಣ್ಣು ತಟ್ಟೆಯಲ್ಲ. ಹುಣ್ಣಿನ ಮೇಲೆ ರಕ್ತ ಜಿನುಗುತ್ತಿರುತ್ತದೆ, ಕೆಂಪು ರಕ್ತಕಣಗಳಲ್ಲಿ ಕ್ಯಾಟಲೇಸ್ ತುಂಬಿರುತ್ತದೆ. ಬಾಟಲಿಯ ದ್ರಾವಣ ಗಾಯಕ್ಕೆ ಬಿದ್ದ ಕೂಡಲೇ ನೊರೆ ಉಕ್ಕುವುದು ಆ ಕ್ಯಾಟಲೇಸಿನಿಂದಲೇ. ನಮ್ಮ ತಟ್ಟೆಯಲ್ಲಿ ಗಂಟೆಗಟ್ಟಲೆ ಉಳಿದು ಟಿ ಕೋಶಗಳನ್ನು ಕೊಂದ ಪೆರಾಕ್ಸೈಡ್ ಹುಣ್ಣಿನಲ್ಲಿ ಅಷ್ಟು ಹೊತ್ತು ಉಳಿಯಲಾರದು. ಹುಣ್ಣನ್ನು ಮಾಯಿಸಲು ಪ್ಲಾಸ್ಮಾ ಏನನ್ನಾದರೂ ಹೇಳುತ್ತಿದ್ದರೆ ಅದನ್ನು ಕ್ಯಾಟಲೇಸಿನ ಎದುರಿನಲ್ಲೇ ಹೇಳುತ್ತಿರಬೇಕು.

ಈ ಮಾತು ಆಡಿದ ಮೇಲೆ ನಾನು ಹಳೆಯ ಬ್ಲಾಟುಗಳನ್ನು ಮತ್ತೆ ತೆಗೆದು ನೋಡಿದೆ. ಕ್ಯಾಟಲೇಸ್ ಹಾಕಿದ ಗುಳಿಗಳ ಸಾಲಿನಲ್ಲಿ ಜುರ್ಕಾಟ್ ಗೆರೆ ಅಳಿಸಿಹೋಗಿತ್ತು ಎಂದೆನಲ್ಲ, ಟಿಎಚ್‌ಪಿ-1ರಲ್ಲಿ ಅದು ಪೂರ್ತಿ ಅಳಿಸಿರಲಿಲ್ಲ. 15 ನಿಮಿಷದ ಗುಳಿಯಲ್ಲಿ ಪಿ38ರ ಒಂದು ತೆಳು ಗೆರೆ ಉಳಿದಿತ್ತು, ಬರೀ ಆರ್ಗಾನಿನ ಗುಳಿಯಲ್ಲಿ ಅದು ಇರಲಿಲ್ಲ. ಆಗ ನಾವು ಅದನ್ನು ಹಿನ್ನೆಲೆಯ ಮಸಿ ಎಂದು ಬದಿಗಿಟ್ಟಿದ್ದೆವು. ಕ್ಷಣಮಾತ್ರ ಬದುಕುವ ಬಿಡಿ ಆಮ್ಲಜನಕದ ಪರಮಾಣುವೋ, ನೈಟ್ರಿಕ್ ಆಕ್ಸೈಡಿನ ಬಳಗದ್ದೋ, ಕ್ಯಾಟಲೇಸಿಗೆ ಸಿಗದ ಇನ್ನೊಂದೋ ಅದರ ಹಿಂದೆ ಇರಬಹುದು. ವಿದ್ಯಾರ್ಥಿನಿ ಈಗ ಬೇರೊಂದು ದೇಶದಲ್ಲಿ ಸ್ವಂತ ಮೇಜು ಹಾಕಿಕೊಂಡು ಕೂತಿದ್ದಾಳೆ. ಕ್ಯಾಟಲೇಸ್ ತುಂಬಿದ ಗುಳಿಗಳಲ್ಲಿ ಆ ತೆಳು ಗೆರೆಯನ್ನಷ್ಟೇ ಹುಡುಕುವ ಪ್ರಯೋಗವನ್ನು ಅವಳು ಕಳೆದ ತಿಂಗಳು ಶುರು ಮಾಡಿದಳು. ಮೊದಲ ತಟ್ಟೆಯನ್ನು ಇಟ್ಟದ್ದು ಒಂದು ಗುರುವಾರ, ಉಕ್ಕಿನ ಕೊಳವೆಯಲ್ಲಿ ಅರ್ಧ ಗಂಟೆ ಆರ್ಗಾನ್ ಹರಿಸಿದ ಮೇಲೆ.